ಖಂಬಾಟಕಿ ಘಾಟಿ (ಪುಣೆ-ಸಾತಾರಾ ಹೆದ್ದಾರಿ) ಬುಡದಲ್ಲಿ ಲೋಡ್ ಲಾರಿ, ಕ್ಲಚ್ ಬಿಡ್ತಿಲ್ಲ. ಗೇರ್‌ಬಾಕ್ಸ್ ಇಳಿಸೋ ಮೊದಲು ಏನೇನು ನೋಡಬೇಕು?

ಹುಬ್ಬಳ್ಳಿ ಲೋಡ್
ಎಲ್ಲಾರಿಗೂ ನಮಸ್ಕಾರ್ರಿ. 10 ಚಕ್ರದ ಲಾರಿ, ಬಿಎಸ್4, 380 ಮಿ.ಮೀ ಕ್ಲಚ್, ಏರ್ ಬೂಸ್ಟರ್ (ಗಾಳಿ ಒತ್ತಡದಿಂದ ಕ್ಲಚ್ ಒತ್ತಾಕ ನೆರವಾಗೂದು) ಅದ. ಪುಣೆಯಿಂದ ಹುಬ್ಬಳ್ಳಿಗೆ 17 ಟನ್ ಲೋಡ್. ಶಿರವಳ ದಾಟಿದ ಮ್ಯಾಲೆ ಗೇರ್ ಹಾಕುವಾಗ ಕರಕರ ಅನ್ನಾಕ ಹತ್ತಿತ್ತು, ಈಗ ಎಂಜಿನ್ ಚಾಲೂ ಇದ್ದಾಗ ಒಂದೂ ಗೇರ್ ಬೀಳವಲ್ದು. ಬಂದ್ ಮಾಡಿದ್ರ ಎಲ್ಲಾ ಸಲೀಸ ಬೀಳ್ತಾವ. ಪೆಡಲ್ ಮೊದಲಿನಕಿಂತ ಹಗುರ ಆಗೇದ. ಗಾಡಿ ಘಾಟಿ ಏರೂ ಮೊದ್ಲ ಢಾಬಾ ಮುಂದ ನಿಂತದ. ಅಲ್ಲಿ ಮಿಸ್ತ್ರಿ ನೋಡಿದ ಕೂಡ್ಲೆ "ಗೇರ್‌ಬಾಕ್ಸ್ ಇಳಿಸಬೇಕು, ಪೂರಾ ಕಿಟ್" ಅಂದಾನ. ಡ್ರೈವರ್‌ಗೆ ಫೋನ್ ಮ್ಯಾಲೆ ಏನೇನ್ ನೋಡಾಕ ಹೇಳ್ಲಿ?

ಸ್ಪ್ಯಾನರ್ ಸೆಟ್
ಸರ್, ಒಂದು ವಿಷಯ ಮೊದಲು ಗಟ್ಟಿ ಮಾಡ್ಕೊಳ್ಳಿ. ಕ್ಲಚ್ ಹೋಯ್ತು ಅಂದ್ರೆ ಎರಡು ಬೇರೆ ಬೇರೆ ಕಾಯಿಲೆ. ಒಂದು ಜಾರೋದು: ಗೇರ್ ಬೀಳುತ್ತೆ, ಆಕ್ಸಿಲೇಟರ್ ಕೊಟ್ರೆ ಎಂಜಿನ್ ಮಾತ್ರ ಏರುತ್ತೆ, ಗಾಡಿ ಎಳೆಯಲ್ಲ, ಸುಟ್ಟ ವಾಸನೆ ಬರುತ್ತೆ. ಇನ್ನೊಂದು ಬಿಡದೆ ಇರೋದು: ಪೆಡಲ್ ಒತ್ತಿದ್ರೂ ಕ್ಲಚ್ ಪ್ಲೇಟ್ ಫ್ಲೈವೀಲ್ (ಎಂಜಿನ್ ಹಿಂದಿನ ಭಾರದ ಚಕ್ರ) ಜೊತೆಗೇ ತಿರುಗ್ತಾ ಇರುತ್ತೆ, ಅದಕ್ಕೇ ಗೇರ್ ಕರಕರ. ನಿಮ್ಮದು ಎರಡನೇದು. ಜಾರೋ ಕಾಯಿಲೆ ಹೆಚ್ಚಿನ ಸಲ ಬೆಲ್ ಹೌಸಿಂಗ್ (ಕ್ಲಚ್ ಮುಚ್ಚಿರೋ ಗೂಡು) ಒಳಗೇ ಇರುತ್ತೆ. ಬಿಡದೆ ಇರೋದು ಹೊರಗಡೆ, ಅಂದ್ರೆ ಆಯಿಲ್ ಲೈನು, ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲ್ ತಳ್ಳೋದು), ಬೂಸ್ಟರ್, ಇವುಗಳಲ್ಲಿ ಸಿಗೋ ಸಾಧ್ಯತೆನೇ ಜಾಸ್ತಿ. ಅದರಲ್ಲೂ ಪೆಡಲ್ ಹಗುರ ಆಗಿದೆ ಅಂದಿದ್ದೀರಿ. ಹಾಗಾಗಿ ಗೇರ್‌ಬಾಕ್ಸ್ ಬೋಲ್ಟಿಗೆ ಈಗಲೇ ಯಾರೂ ಕೈ ಹಾಕೋದು ಬೇಡ.

ಡ್ರೈವರ್ ನೋಡಬೇಕಾಗಿದ್ದು, ಇದೇ ವರಸೆಯಲ್ಲಿ:

ಏರ್ ಗೇಜ್ ಎಷ್ಟಿದೆ? 6 ಬಾರ್ ಮೇಲಿರಲಿ. ಗಾಳಿ ಇಲ್ಲದಿದ್ರೆ ಬೂಸ್ಟರ್ ಸಹಾಯ ಮಾಡಲ್ಲ, ಆದ್ರೆ ಆಗ ಪೆಡಲ್ ಕಲ್ಲಿನ ಹಾಗೆ ಗಟ್ಟಿ ಆಗುತ್ತೆ, ಹಗುರ ಆಗಲ್ಲ.

ಕ್ಲಚ್ ಆಯಿಲ್ ಡಬ್ಬಿ ಮಟ್ಟ ನೋಡಲಿ. ಕಡಿಮೆ ಇದ್ರೆ ಎಲ್ಲಿಗೆ ಹೋಯ್ತು ಅಂತ ಹುಡುಕಬೇಕು. ಕ್ಯಾಬಿನ್ ಒಳಗೆ ಪೆಡಲ್ ಹತ್ತಿರ ಮ್ಯಾಟ್ ಎತ್ತಿ ನೋಡಲಿ, ಒದ್ದೆ ಇದ್ರೆ ಮಾಸ್ಟರ್ ಸಿಲಿಂಡರ್ ಸೀಲ್. ಕೆಳಗೆ ಬೂಸ್ಟರ್ ರಾಡಿನ ರಬ್ಬರ್ ಬೂಟ್ ಸರಿಸಿದಾಗ ಆಯಿಲ್ ಇಳಿದ್ರೆ ಆ ಕಡೆ ಸೀಲ್. ಹೊರಗೆ ಎಲ್ಲೂ ಒಂದು ಹನಿ ಇಲ್ಲ, ಆದ್ರೂ ಡಬ್ಬಿ ಖಾಲಿ ಆಗ್ತಿದೆ ಅಂದ್ರೆ ಆಯಿಲ್ ಬೂಸ್ಟರ್‌ನ ಗಾಳಿ ಭಾಗಕ್ಕೆ ಸೇರ್ತಿದೆ. ಪೆಡಲ್ ಬಿಟ್ಟಾಗ ಬೂಸ್ಟರ್‌ನ ಎಗ್ಸಾಸ್ಟ್ ತೂತಿಂದ ಗಾಳಿ ಜೊತೆ ಸಣ್ಣಗೆ ಆಯಿಲ್ ಚಿಮ್ಮುತ್ತೆ. ಅಲ್ಲಿ ಕೈ ಹಿಡಿದ್ರೆ ಗೊತ್ತಾಗುತ್ತೆ.

ಆಮೇಲೆ ಪೆಡಲನ್ನು ಬೇಗ ಬೇಗ ಐದಾರು ಸಲ ತುಳಿದು, ಕೊನೇ ಸಲ ಒತ್ತಿ ಹಿಡಿದು ಗೇರ್ ಹಾಕಲಿ. ಆಗ ಗೇರ್ ಬಿದ್ರೆ ಲೈನಲ್ಲಿ ಗಾಳಿ ಸೇರಿದೆ.

ಬೆಳಗಾವಿ ಫಿಟ್ಟರ್
ಸ್ಪ್ಯಾನರ್ ಅವರ ಮಾತು ಖರೆ. ನಾ ಒಂದ ಅಳತಿ ಸೇರಿಸ್ತೀನ್ರಿ. ಬೂಸ್ಟರ್ ರಾಡ್ ಎಷ್ಟು ಓಡ್ತದ ಅನ್ನೂದನ್ನ ಸ್ಕೇಲ್ ಹಿಡದು ನೋಡ್ರಿ. ರಾಡ್ ಮ್ಯಾಲೆ ಚಾಕ್ ಗೆರಿ ಎಳದು, ಒಬ್ಬ ಪೆಡಲ್ ಪೂರಾ ಒತ್ತಲಿ, ಇನ್ನೊಬ್ಬ ಅಳೀಲಿ. ಈ ಸೈಜಿನ ಕ್ಲಚ್ಚಿಗೆ 20 ಮಿ.ಮೀ. ಆಚೀಚೆ ಓಡಬೇಕು. 10-12ಕ್ಕ ನಿಂತ್ರ ತೊಂದ್ರಿ ಹೊರಗಿಂದು, ಗೇರ್‌ಬಾಕ್ಸ್ ಮುಟ್ಟೂ ಕೆಲಸಿಲ್ಲ. ರಾಡ್ ಪೂರಾ ಓಡಿದ್ರೂ ಗೇರ್ ಬೀಳ್ಲಿಲ್ಲಾಂದ್ರ ಒಳಗಿಂದು. ಅಳದು ಹೇಳಿದ್ರ ಯಾವ ಮಿಸ್ತ್ರಿನೂ ಎದುರು ಮಾತಾಡೂದಿಲ್ಲ.

ಗೇರ್ ಪರೀಕ್ಷೆ ರಿವರ್ಸ್‌ನಾಗ ಮಾಡ್ರಿ. ಅದಕ್ಕ ಬಹುತೇಕ ಗೇರ್‌ಬಾಕ್ಸ್‌ನಾಗ ಸಿಂಕ್ರೊ (ಗೇರುಗಳ ವೇಗ ಹೊಂದಿಸೂ ಭಾಗ) ಇರೂದಿಲ್ಲ, ಸುಳ್ಳು ಹೇಳೂದಿಲ್ಲ. ಪೆಡಲ್ ಒತ್ತಿ ಹತ್ತು ಸೆಕೆಂಡ್ ಕಾದು ಹಾಕ್ಬೇಕು. ಆಗೂ ಕರಕರ ಅಂದ್ರ ಪ್ಲೇಟ್ ಇನ್ನೂ ತಿರಗಾಕ ಹತ್ತೇದ.

ಘಾಟಿ ಗುರು
ಗುರು ಇಷ್ಟೆಲ್ಲ ಯಾಕೆ? ಎಂಜಿನ್ ಬಂದ್ ಮಾಡಿ ಫಸ್ಟ್ ಗೇರ್ ಹಾಕಿ ಸೆಲ್ಫ್ ಹೊಡೆದ್ರೆ ಗಾಡಿ ಹೊರಡುತ್ತೆ. ಆಮೇಲೆ ಆರ್‌ಪಿಎಂ ಹೊಂದಿಸ್ಕೊಂಡು ಕ್ಲಚ್ ಇಲ್ದೆ ಗೇರ್ ಹಾಕ್ಕೊಂಡು ಸಾತಾರಾ ತನಕ ಹೋಗ್ಬಹುದು. ಹಳೇ ಡ್ರೈವರ್‌ಗಳಿಗೆ ಇದು ನೀರು ಕುಡಿದಷ್ಟು ಸುಲಭ.

ಸ್ಪ್ಯಾನರ್ ಸೆಟ್
ವಿದ್ಯೆ ನಿಜ, ಜಾಗ ತಪ್ಪು. ಖಾಲಿ ಗಾಡಿ, ಸಮತಟ್ಟು ರಸ್ತೆ, ಮುಂದೆ ಸಿಗ್ನಲ್ ಇಲ್ಲ ಅಂದ್ರೆ ಮಾಡಬಹುದು: ಆಕ್ಸಿಲೇಟರ್ ಸ್ವಲ್ಪ ಸಡಿಲ ಬಿಟ್ಟ ಕ್ಷಣ ಗೇರ್ ನ್ಯೂಟ್ರಲ್‌ಗೆ ಬರುತ್ತೆ, ಆರ್‌ಪಿಎಂ ಮುಂದಿನ ಗೇರಿನ ಲೆಕ್ಕಕ್ಕೆ ಇಳಿಯೋ ತನಕ ಕಾದು ಮೆಲ್ಲಗೆ ಒತ್ತಿದ್ರೆ ತಾನಾಗೇ ಕೂರುತ್ತೆ. ಇಳಿಸೋವಾಗ ನ್ಯೂಟ್ರಲ್‌ನಲ್ಲಿ ಆಕ್ಸಿಲೇಟರ್ ಕೊಟ್ಟು ಆರ್‌ಪಿಎಂ ಏರಿಸಬೇಕು. ಆದ್ರೆ ಇಲ್ಲಿ ಮುಂದೆ ಇರೋದು ಏರು. ಘಾಟಿ ರಸ್ತೇಲಿ ಸಾತಾರಾ ಕಡೆ ಹೋಗೋರು ಹತ್ತಲೇಬೇಕು, ಹಳೇ ಸುರಂಗ ಇರೋದು ಎದುರು ದಿಕ್ಕಿನವರಿಗೆ. 17 ಟನ್ ಹೊತ್ತು ಏರಲ್ಲಿ ಒಂದು ಗೇರ್ ತಪ್ಪಿದ್ರೆ ಗಾಡಿ ನಿಲ್ಲುತ್ತೆ, ಮತ್ತೆ ಸೆಲ್ಫಲ್ಲಿ ಎಳೆಯೋಕೆ ಆಗಲ್ಲ. ಮುಂದಿನ ಗಾಡಿ ನಿಂತಾಗಲೆಲ್ಲ ಎಂಜಿನ್ ಬಂದ್ ಮಾಡಬೇಕು, ಅಂದ್ರೆ ಪವರ್ ಸ್ಟೀರಿಂಗೂ ಇಲ್ಲ, ಕಂಪ್ರೆಸರೂ ಇಲ್ಲ.

ಸೆಲ್ಫಲ್ಲಿ ಎಳೆಯೋದು ರಸ್ತೆ ಮಧ್ಯೆ ನಿಂತ ಗಾಡಿನ ಬದಿಗೆ ತರೋಕೆ ಮಾತ್ರ. ಒಂದು ಸಲಕ್ಕೆ 10 ಸೆಕೆಂಡ್ ಮೀರಬೇಡಿ, ನಡುವೆ ಒಂದೆರಡು ನಿಮಿಷ ಬಿಡಿ, ಇಲ್ದಿದ್ರೆ ಕ್ಲಚ್ ಜೊತೆ ಸ್ಟಾರ್ಟರ್ ಬಿಲ್ಲೂ ಬರುತ್ತೆ. ಇನ್ನು ಹಲವು ಬಿಎಸ್6 ಗಾಡಿಗಳಲ್ಲಿ ಗೇರ್ ನ್ಯೂಟ್ರಲ್‌ನಲ್ಲಿ ಇಲ್ಲದಿದ್ರೆ ಅಥವಾ ಕ್ಲಚ್ ಸ್ವಿಚ್ ಸಿಗ್ನಲ್ ಬರದಿದ್ರೆ ಸೆಲ್ಫೇ ಹೊಡೆಯಲ್ಲ. ಕ್ಲಚ್ ಜಾರ್ತಾ ಇದ್ರಂತೂ ಈ ವಿದ್ಯೆಯಿಂದ ಏನೂ ಉಪಯೋಗ ಇಲ್ಲ.

ಹುಬ್ಬಳ್ಳಿ ಲೋಡ್
ಅಳದಾರ್ರಿ. ಏರ್ 7 ಬಾರ್. ಆಯಿಲ್ ಡಬ್ಬಿ ಅರ್ಧಕ್ಕಿಂತ ಕೆಳಗ. ಬೂಸ್ಟರ್ ಪೈಪಿನ ಯೂನಿಯನ್ ನಟ್ ಹತ್ರ ಒದ್ದಿ ಅದ, ಧೂಳು ಹಿಡದು ಕೆಸರ ಆಗೇದ. ರಾಡ್ 11 ಮಿ.ಮೀ. ಅಷ್ಟ ಓಡ್ತದ. ಬೇಗ ಬೇಗ ತುಳದ್ರ 16ರ ತನಕ ಬಂತು.

ಬೆಳಗಾವಿ ಫಿಟ್ಟರ್
ಹಂಗಾರ ಮೊದ್ಲ ನಟ್ ಬಿಗೀರಿ. ಬರೇ ತಿರುವಿ ಬಿಗದ್ರ ಪೈಪ್ ಮುರೀತದ, ಪೈಪ್ ಹಿಡದು ನಟ್ ಅಷ್ಟ ತಿರುವ್ರಿ. ಒಳಗ ತಾಮ್ರದ ವಾಷರ್ ಇದ್ದು ಹಳೇದಾಗಿದ್ರ ಹೊಸಾದು ಹಾಕ್ರಿ. ಆಮ್ಯಾಲೆ ಗಾಳಿ ತಗೀರಿ.

ಡಾಟ್ 4 ಆಯಿಲ್ (ಬ್ರೇಕ್, ಕ್ಲಚ್ಚಿಗೆ ಹಾಕೂದು) ಅರ್ಧ ಲೀಟರಿನ ಎರಡು ಬಾಟ್ಲಿ ಇರ್ಲಿ. ಬೂಸ್ಟರ್ ಮ್ಯಾಲಿನ ಬ್ಲೀಡಿಂಗ್ ನಿಪ್ಪಲ್ ಮೊದ್ಲ ತಂತಿ ಬ್ರಷ್‌ಲೆ ತಿಕ್ಕಿ ಸ್ವಚ್ಛ ಮಾಡ್ರಿ, ಇಲ್ಲಾಂದ್ರ ಪಾನಾ ಜಾರಿ ಮೂಲಿ ಸವೀತಾವ. ಒಳಗಿಂದು ಕಾಣೂ ಪಾರದರ್ಶಕ ಪೈಪ್ ಅದಕ್ಕ ಸಿಗಿಸಿ, ಇನ್ನೊಂದು ತುದಿ ಬಾಟ್ಲಿ ಆಯಿಲ್‌ನಾಗ ಮುಳಗಿರ್ಲಿ. ಮ್ಯಾಲಿನವ ಪೆಡಲ್ ಒತ್ತಿ ಹಿಡದು "ಹ್ಞೂಂ" ಅಂದ ಮ್ಯಾಲೆ ಕೆಳಗಿನವ ನಿಪ್ಪಲ್ ಅರ್ಧ ಸುತ್ತು ಬಿಡೂದು. ಗುಳ್ಳಿ ಬರ್ತಾವ. ನಿಪ್ಪಲ್ ಬಂದ್ ಮಾಡಿದ ಮ್ಯಾಲ ಅಷ್ಟ ಪೆಡಲ್ ಬಿಡೂದು. ಇದೊಂದು ಹೆಚ್ಚುಕಮ್ಮಿ ಆದ್ರ ಹೊರಗ ಹೋದ ಗಾಳಿ ವಾಪಸ್ ಒಳಗ ಬರ್ತದ. ಐದು ಸಲಕ್ಕೊಮ್ಮೆ ಡಬ್ಬಿ ತುಂಬ್ರಿ, ಖಾಲಿ ಬಿಟ್ರ ಮೊದಲಿಂದ ಸುರು. 15-20 ಸಲ ಆಗ್ತದ, ಬೇಜಾರು ಮಾಡ್ಕೋಬ್ಯಾಡ್ರಿ.

ಕರಾವಳಿ ಟ್ಯಾಂಕರ್
ಒಂದು ಮಾತು ಮಾರಾಯ್ರೆ, ಢಾಬಾ ಹತ್ತಿರ ಡಾಟ್ 4 ಸಿಗಲಿಲ್ಲ ಅಂತ ಸ್ಟೀರಿಂಗ್ ಆಯಿಲ್, ಎಂಜಿನ್ ಆಯಿಲ್ ಹಾಕಿ ಬಿಡಬೇಡಿ. ಆ ರಬ್ಬರ್ ಸೀಲುಗಳು ಬ್ರೇಕ್ ಆಯಿಲಿಗೆ ಅಂತಲೇ ಮಾಡಿದ್ದು. ಪೆಟ್ರೋಲಿಯಂ ಆಯಿಲ್ ತಾಗಿದರೆ ಉಬ್ಬಿ ಮೆತ್ತಗಾಗುತ್ತವೆ. ಆಮೇಲೆ ಮಾಸ್ಟರ್, ಬೂಸ್ಟರ್ ಎರಡರ ಕಿಟ್ಟೂ ಬದಲಿಸಬೇಕು, ಪೈಪು ಪೂರ್ತಿ ತೊಳೆಯಬೇಕು. ಡಾಟ್ 3 ಸಿಕ್ಕಿದರೆ ಧಾರಾಳ ಹಾಕಬಹುದು, ಎರಡೂ ಒಂದೇ ಜಾತಿ. ಡಾಟ್ 5 ಅಂತ ಬರೆದದ್ದು ಮಾತ್ರ ಬೇಡ, ಅದು ಸಿಲಿಕೋನ್. ಡಾಟ್ 3, ಡಾಟ್ 4 ಪೈಂಟಿನ ಮೇಲೆ ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಿರಿ, ಬಣ್ಣ ಎಬ್ಬಿಸುತ್ತದೆ.

ಹುಬ್ಬಳ್ಳಿ ಲೋಡ್
ಗಾಳಿ ತಗದ್ರು. ಈಗ ರಾಡ್ 22 ಓಡ್ತದ, ಪೆಡಲ್ ಮೊದಲಿನಂಗ ಆಗೇದ. ಆದ್ರೂ ರಿವರ್ಸ್ ಕರಕರ ಅಂತದ್ರಿ. ಸೆಕೆಂಡ್ ಒಮ್ಮೊಮ್ಮೆ ಬೀಳ್ತದ, ಒಮ್ಮೊಮ್ಮೆ ಇಲ್ಲ.

ಸ್ಪ್ಯಾನರ್ ಸೆಟ್
ಹಾಗಾದ್ರೆ ಎರಡು ತೊಂದರೆ ಒಟ್ಟಿಗೆ ಇತ್ತು. ಈಗ ಒಳಗೆ ನೋಡೋಣ, ಆದ್ರೂ ಇಳಿಸದೇನೇ. ಬೆಲ್ ಹೌಸಿಂಗ್ ಕೆಳಗೆ ತಗಡಿನ ಮುಚ್ಚಳ ಇರುತ್ತೆ, ಅದನ್ನ ತೆಗೆದು ಟಾರ್ಚ್ ಬಿಡಿ. ಪೆಡಲ್ ಒತ್ತಿದಾಗ ಫೋರ್ಕ್ (ರಿಲೀಸ್ ಬೇರಿಂಗ್ ಸರಿಸೋ ಕವೆ) ಎರಡೂ ಕಡೆ ಸಮ ಓಡ್ತಿದೆಯಾ? ಕ್ರಾಸ್ ಶಾಫ್ಟ್ (ಫೋರ್ಕ್ ಕೂತಿರೋ ಅಡ್ಡ ಶಾಫ್ಟ್) ಬುಷ್ ಸವೆದಿದ್ರೆ ಶಾಫ್ಟ್ ಮೇಲೆ ಕೆಳಗೆ ಆಡುತ್ತೆ, ಓಟ ಅಲ್ಲೇ ನುಂಗಿ ಹೋಗುತ್ತೆ. ಡಯಾಫ್ರಮ್ ಬೆರಳು (ಪ್ರೆಷರ್ ಪ್ಲೇಟಿನ ಸ್ಪ್ರಿಂಗ್ ಪಟ್ಟಿ) ಒಂದಾದ್ರೂ ತಗ್ಗಾಗಿದ್ಯಾ, ಮುರಿದಿದ್ಯಾ ನೋಡಿ. ಕೆಳಗೆ ಬಿದ್ದಿರೋ ಪುಡಿ ಮುಖ್ಯ: ಬರೀ ಕಪ್ಪು ಧೂಳಾದ್ರೆ ಸಹಜ. ಲೈನಿಂಗ್ ಚೂರು, ರಿವೆಟ್, ಸ್ಪ್ರಿಂಗ್ ತುಂಡು ಸಿಕ್ಕಿದ್ರೆ ಪ್ಲೇಟ್ ಒಡೆದಿದೆ ಅಂತ ಅರ್ಥ. ಆ ಚೂರು ಪ್ಲೇಟ್ ಮತ್ತು ಫ್ಲೈವೀಲ್ ನಡುವೆ ಸಿಕ್ಕಿಕೊಂಡು ಬಿಡೋಕೆ ಕೊಡ್ತಿಲ್ಲ.

ಇದೇನೂ ಸಿಗದಿದ್ರೆ ಕೊನೇ ಅನುಮಾನ ಪೈಲಟ್ ಬೇರಿಂಗ್, ಅಂದ್ರೆ ಇನ್‌ಪುಟ್ ಶಾಫ್ಟ್ (ಕ್ಲಚ್ಚಿಂದ ಗೇರ್‌ಬಾಕ್ಸಿಗೆ ಹೋಗೋ ಶಾಫ್ಟ್) ತುದಿ ಕೂರೋ ಬೇರಿಂಗ್. ಅದು ಜಾಮ್ ಆದ್ರೆ ಕ್ಲಚ್ ಸರಿಯಾಗಿ ಬಿಟ್ರೂ ಇನ್‌ಪುಟ್ ಶಾಫ್ಟ್ ಫ್ಲೈವೀಲ್ ಜೊತೆ ತಿರುಗ್ತಾನೇ ಇರುತ್ತೆ. ಹೊರಗಿಂದ ನೋಡಿದ್ರೆ ಎಲ್ಲಾ ಸರಿ ಇದೆ ಅಂತಲೇ ಕಾಣುತ್ತೆ.

ಹುಬ್ಬಳ್ಳಿ ಲೋಡ್
ಫೋಟೊ ಕಳಿಸ್ಯಾನ್ರಿ ಡ್ರೈವರ್. ಮುಚ್ಚಳ ತಗದ ಕೂಡ್ಲೆ ಹಾವಿನ ಸುರಳಿಯಂಥ ಸ್ಪ್ರಿಂಗಿನ ಅರ್ಧ ತುಂಡು, ಬೆರಳು ಉಗುರಿನಷ್ಟು ಲೈನಿಂಗ್ ಚೂರು ನಾಲ್ಕಾರು ಬಿದ್ದಾವ. ಇಳಿಸೂದ ಗತಿ. ಮಿಸ್ತ್ರಿ ಅಲ್ಲೇ ಢಾಬಾ ಮುಂದ ಇಳಿಸ್ತೀನಿ ಅಂತಾನ. ಮಾಡ್ಸೂದೋ, ಟೋ ಮಾಡ್ಸೂದೋ?

ಬೆಳಗಾವಿ ಫಿಟ್ಟರ್
ನೆಲ ಗಟ್ಟಿ ಮತ್ತ ಸಪಾಟ ಇದ್ರ, ಗೇರ್‌ಬಾಕ್ಸ್ ಜಾಕಿ ಇಲ್ಲಾ ಚೈನ್ ಬ್ಲಾಕ್ ಅವನ ಹತ್ರ ಇದ್ರ ಅಲ್ಲೇ ಮಾಡಸ್ರಿ. ಬರೇ ಬಾಟ್ಲಿ ಜಾಕಿ ಮತ್ತ ಇಬ್ರು ಹುಡುಗ್ರು ಅಂದ್ರ ಬ್ಯಾಡ. 200 ಕಿಲೋ ದಾಟೂ ಗೇರ್‌ಬಾಕ್ಸ್ ಎದಿ ಮ್ಯಾಲೆ ಹಿಡಿಯೂದಲ್ಲ ಅದು. ಲೋಡ್ ಇದ್ರ ಇರ್ಲಿ, ಅದರ ಭಾರ ಗೇರ್‌ಬಾಕ್ಸ್ ಮ್ಯಾಲೆ ಬೀಳೂದಿಲ್ಲ. ಆದ್ರ ಜಾಯಿಂಟ್ ಶಾಫ್ಟ್ (ಗೇರ್‌ಬಾಕ್ಸಿಂದ ಹಿಂದಿನ ಆಕ್ಸಲ್‌ಗೆ ಹೋಗೂದು) ಬಿಚ್ಚಿದ ಮ್ಯಾಲೆ ಗೇರ್‌ನಾಗ ನಿಲ್ಲಿಸೇನಿ ಅನ್ನೂ ಭರವಸ ಹೋಯ್ತು, ಉಳಿಯೂದು ಪಾರ್ಕಿಂಗ್ ಬ್ರೇಕ್ ಒಂದ. ಅದಕ್ಕ ನಾಲ್ಕೂ ಹಿಂದಿನ ಜೋಡಿ ಚಕ್ರಕ್ಕ ಹಿಂದ ಮುಂದ ಕಲ್ಲು ಇಲ್ಲಾ ಮರದ ತುಂಡು ಕೊಟ್ಟ ಮ್ಯಾಲ ಅಷ್ಟ ಕೆಳಗ ಹೋಗಬೇಕು.

ಕರಾವಳಿ ಟ್ಯಾಂಕರ್
ಟೋ ಮಾಡಿಸುವುದಾದರೆ ಜಾಯಿಂಟ್ ಶಾಫ್ಟ್ ಬಿಚ್ಚದೆ ಎಳೆಯಲು ಬಿಡಬೇಡಿ. ಗೇರ್‌ಬಾಕ್ಸ್ ಒಳಗೆ ಆಯಿಲ್ ಎರಚುವುದು ಕೆಳಗಿನ ಲೇ ಶಾಫ್ಟ್. ಅದು ತಿರುಗಬೇಕಾದರೆ ಇನ್‌ಪುಟ್ ಶಾಫ್ಟ್ ತಿರುಗಬೇಕು. ನ್ಯೂಟ್ರಲ್ ಹಾಕಿ ಎಳೆದರೆ ಚಕ್ರದಿಂದ ಮೇನ್ ಶಾಫ್ಟ್ ಮಾತ್ರ ತಿರುಗುತ್ತದೆ, ಅದರ ಬೇರಿಂಗಿಗೆ ಆಯಿಲ್ ಸಿಗುವುದಿಲ್ಲ. "ಎಂಜಿನ್ ಚಾಲೂ ಇಟ್ಟರೆ ಆಯಿತಲ್ಲ" ಎನ್ನುವವರಿದ್ದಾರೆ. ಆಯಿಲ್ ಲೈನ್ ತೊಂದರೆ ಮಾತ್ರ ಇದ್ದರೆ ಹೌದು, ಪ್ಲೇಟ್ ಹಿಡಿದುಕೊಂಡೇ ಇರುತ್ತದೆ, ಲೇ ಶಾಫ್ಟ್ ತಿರುಗುತ್ತದೆ. ಪ್ಲೇಟಿನ ಹಬ್ (ಶಾಫ್ಟ್ ಕೂರುವ ನಡುಭಾಗ) ಕಿತ್ತು ಬಂದಿದ್ದರೆ ಎಂಜಿನ್ ಓಡಿದರೂ ಶಾಫ್ಟ್ ತಿರುಗಲಿಕ್ಕಿಲ್ಲ. ನಿಮ್ಮದರಲ್ಲಿ ಸ್ಪ್ರಿಂಗೇ ತುಂಡಾಗಿದೆ, ಆ ನಂಬಿಕೆ ಬೇಡ. ಜಾಯಿಂಟ್ ಬಿಚ್ಚಿ, ಇಲ್ಲವೇ ಆಕ್ಸಲ್ ಶಾಫ್ಟ್ ಎರಡೂ ಎಳೆದು ಚಕ್ರದ ಹಬ್ಬಿಗೆ ಮುಚ್ಚಳ ಕಟ್ಟಿ.

ಎಂಜಿನ್ ಓಡುತ್ತಿದ್ದರೆ ಬ್ರೇಕಿಗೆ ಗಾಳಿ, ಸ್ಟೀರಿಂಗಿಗೆ ಪವರ್ ಸಿಗುತ್ತದೆ, ಹಾಗಾಗಿ ಚಾಲೂ ಇಡಿ. ಹಗ್ಗದಲ್ಲಿ ಲೋಡ್ ಲಾರಿ ಎಳೆಯುವುದು ಬೇಡವೇ ಬೇಡ, ಕಬ್ಬಿಣದ ಟೋ ಬಾರ್ ಇರಲಿ. ಹೆದ್ದಾರಿ ಮೇಲೆ ಅಡ್ಡ ಆಗಿದ್ದರೆ 1033ಕ್ಕೆ ಫೋನ್ ಮಾಡಿ, ಬದಿಗೆ ಸರಿಸಲು ಕ್ರೇನ್ ಬರುತ್ತದೆ.

ಬಿಲ್ಟಿ
ಮಿಸ್ತ್ರಿ ಕೆಲಸದ ನಡುವೆ ಕಾಗದ ಮರೆಯಬೇಡಿ ಯಜಮಾನ್ರೆ. ಪುಣೆ-ಹುಬ್ಬಳ್ಳಿ 400 ಕಿ.ಮೀ. ಮೇಲಿದೆ, 200 ಕಿ.ಮೀ.ಗೆ ಒಂದು ದಿನದ ಲೆಕ್ಕದಲ್ಲಿ ಇ-ವೇ ಬಿಲ್ಲಿಗೆ (ಸರಕು ಸಾಗಿಸುವ ಜಿಎಸ್‌ಟಿ ಚೀಟಿ) 3 ದಿನ ಸಿಕ್ಕಿರುತ್ತದೆ. ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆ ನಂತರದ ತನಕ ಮಾತ್ರ ವಿಸ್ತರಿಸಬಹುದು. ಕಾರಣದ ಜಾಗದಲ್ಲಿ ಗಾಡಿ ಕೆಟ್ಟದ್ದನ್ನು ಹಾಕಿ, ಈಗ ನಿಂತಿರುವ ಊರು, ಪಿನ್‌ಕೋಡ್ ಕೊಡಿ. ಸರಕನ್ನು ಬೇರೆ ಲಾರಿಗೆ ಹಾಕುವುದಾದರೆ ಹೊಸ ಬಿಲ್ ಬೇಕಿಲ್ಲ, ಅದರ ಗಾಡಿ ವಿವರದ ಭಾಗವಾದ ಪಾರ್ಟ್-ಬಿಯಲ್ಲಿ ಹೊಸ ಗಾಡಿ ನಂಬರ್ ಹಾಕಿದ ಮೇಲೆ ಹೊರಡಿ. ಮಿಸ್ತ್ರಿಯಿಂದ ತಾರೀಖು ಹಾಕಿದ ಬಿಲ್, ನಿಂತ ಗಾಡಿಯ ಫೋಟೊ ಇಟ್ಟುಕೊಳ್ಳಿ. ಚೆಕ್‌ಪೋಸ್ಟಿನಲ್ಲಿ ಬಾಯಿ ಮಾತಿಗಿಂತ ಅದು ಬೇಗ ಕೆಲಸ ಮಾಡುತ್ತದೆ.

ಹುಬ್ಬಳ್ಳಿ ಲೋಡ್
ಅಲ್ಲೇ ಮಾಡಸ್ತೀವ್ರಿ, ಜಾಕಿ ಅದ ಅಂತ. ಸಾಮಾನು ಸಾತಾರಾದಿಂದ ತರಸಬೇಕು. ಏನೇನ್ ಬರಿಸ್ಲಿ?

ಸ್ಪ್ಯಾನರ್ ಸೆಟ್
"380ರ ಪ್ಲೇಟ್ ಕೊಡಿ" ಅಂತ ಫೋನಲ್ಲಿ ಹೇಳಿ ತರಿಸಿದ್ರೆ ಅರ್ಧ ದಿನ ಹಾಳು. ಒಂದೇ 380ರಲ್ಲಿ ಹಬ್ಬಿನ ಹಲ್ಲು ಬೇರೆ ಬೇರೆ: 10 ಹಲ್ಲಿನದ್ದೇ 1¾ ಇಂಚು ಬರುತ್ತೆ, 2 ಇಂಚು ಬರುತ್ತೆ. ಚಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ತಗೊಳ್ಳಿ, ಇಲ್ಲಾಂದ್ರೆ ಬಿಚ್ಚಿದ ಹಳೇ ಪ್ಲೇಟ್ ಕೈಯಲ್ಲಿ ಹಿಡಿದು ಹೋಗಲಿ. ನಿಮ್ಮ ಕೇಸಲ್ಲಿ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರೂ ಒಟ್ಟಿಗೆ ಹಾಕಿ, ಜೊತೆಗೆ ಪೈಲಟ್ ಬೇರಿಂಗ್. ಕ್ರಾಸ್ ಶಾಫ್ಟ್ ಬುಷ್ ತರಿಸಿ ಇಟ್ಕೊಳ್ಳಿ. ಕ್ರ್ಯಾಂಕ್ ಹಿಂದಿನ ಆಯಿಲ್ ಸೀಲ್, ಇನ್‌ಪುಟ್ ಶಾಫ್ಟ್ ಸೀಲ್ ಬಿಚ್ಚಿದ ಮೇಲೆ ನೋಡಿ, ಒದ್ದೆ ಇದ್ರೆ ಈಗಲೇ ಹಾಕಿ. ಹೊಸ ಲೈನಿಂಗಿಗೆ ಆಯಿಲ್ ಹತ್ತಿದ್ರೆ ಆಮೇಲೆ ಜಾರೋದು ಶುರು.

ಘಾಟಿ ಗುರು
ಸಾತಾರಾದಲ್ಲಿ ಹಳೇ ಪ್ಲೇಟಿಗೇ ಲೈನಿಂಗ್ ಹೊಡೆದು ಕೊಡೋರು ಇರ್ತಾರೆ, ಅರ್ಧಕ್ಕರ್ಧ ಉಳಿಯುತ್ತೆ.

ಬೆಳಗಾವಿ ಫಿಟ್ಟರ್
ಹಬ್, ಸ್ಪ್ರಿಂಗ್ ಗಟ್ಟಿ ಇದ್ದು ಬರೇ ಲೈನಿಂಗ್ ಸವದಿದ್ರ, ಅಂದ್ರ ರಿವೆಟ್ ತಲಿ ಮ್ಯಾಲೆ ಅರ್ಧ ಮಿ.ಮೀ. ಉಳದಿದ್ರ, ಆ ಮಾತು ಒಪ್ತೀನಿ ಗುರು. ಇಲ್ಲಿ ಹಬ್ಬಿನ ಸುತ್ತ ಧಕ್ಕಿ ತಡೆಯೂ ಡ್ಯಾಂಪರ್ ಸ್ಪ್ರಿಂಗ್ ಮುರದದ. ಅಂಥ ಹಬ್ಬಿಗೆ ಲೈನಿಂಗ್ ಹೊಡಸೂದು ಅಂದ್ರ ಮುರದ ಕಾಲಿಗೆ ಹೊಸ ಚಪ್ಪಲಿ.

ಈಗ ಇಳಿಸೂ ಏರಿಸೂ ಕೆಲಸದಾಗ ಎಲ್ಲಿ ಕೆಡ್ತದ ಅನ್ನೂದ ಹೇಳ್ತೀನಿ, ಉಳದದ್ದು ಮಿಸ್ತ್ರಿಗೆ ಗೊತ್ತಿರ್ತದ.

ಜಾಯಿಂಟ್ ಫ್ಲ್ಯಾಂಜ್ ಬಿಚ್ಚೂ ಮೊದ್ಲ ಎರಡೂ ಕಡೆ ಗುರುತು ಹೊಡೀರಿ, ಹಂಗ ಕೂಡಸ್ರಿ. ಏರ್ ಪೈಪ್, ಸ್ಪೀಡ್ ಸೆನ್ಸರ್ ವೈರ್ ಫೋಟೊ ತಗೊಳ್ರಿ. ಎಂಜಿನ್ನಿನ ಹಿಂದಿನ ಮೌಂಟಿಂಗ್ ಗೇರ್‌ಬಾಕ್ಸ್ ಕಡೆ ಇದ್ರ ಫ್ಲೈವೀಲ್ ಹೌಸಿಂಗ್ ಕೆಳಗ ಮರ ಕೊಟ್ಟು ಆಧಾರ ಹಿಡೀರಿ, ಆಯಿಲ್ ಚೇಂಬರ್ ಕೆಳಗಲ್ಲ. ಪುಲ್ ಟೈಪ್ (ಬೇರಿಂಗ್ ಹಿಂದಕ್ಕ ಎಳದು ಬಿಡಿಸೂ) ಕ್ಲಚ್ ಇದ್ರ ರಿಲೀಸ್ ಬೇರಿಂಗ್ ಪ್ರೆಷರ್ ಪ್ಲೇಟಿಗೆ ಲಾಕ್ ಆಗಿರ್ತದ. ಮೊದ್ಲ ಅದನ್ನ ಬಿಡಸಬೇಕು, ಬಿಡಸದ ಎಳದ್ರ ಬೆರಳು ಬಾಗ್ತಾವ.

ಫ್ಲೈವೀಲ್ ಮುಖ ಬೆರಳಿಲೆ ಮುಟ್ಟಿ ನೋಡ್ರಿ. ನೀಲಿ ಕಲೆ, ಕೂದಲಿನಂಥ ಬಿರುಕು ಅಲ್ಪಸ್ವಲ್ಪ ಇದ್ರ ನಡೀತದ. ಉಗುರು ಸಿಗೂ ಹಂಗ ಬಿರುಕು ಇಲ್ಲಾ ಗೀರು ಬಿದ್ದಿದ್ರ ಲೇಥಿಗೆ ಕಳಸ್ರಿ. ನಿಮ್ಮದರಾಗ ಸ್ಪ್ರಿಂಗ್ ತುಂಡು ಸಿಕ್ಕು ತಿರಿಗೇದ, ಅದಕ್ಕ ಗೀರು ಬಿದ್ದಿರೂ ಸಾಧ್ಯತಾ ಭಾಳ.

ಹೊಸ ಪ್ಲೇಟ್ ಮೊದ್ಲ ಶಾಫ್ಟಿನ ಹಲ್ಲಿನ ಮ್ಯಾಲೆ ಬರೇ ಕೈಲೆ ಸರಿಸಿ ನೋಡ್ರಿ, ಅಡ್ಡಿ ಇಲ್ಲದ ಓಡಬೇಕು. ಹಲ್ಲಿಗೆ ಗ್ರೀಸ್ ಬೆರಳ ತುದಿಯಷ್ಟು ಹಚ್ಚಿ, ಹೆಚ್ಚಿಂದು ಒರಸ್ರಿ. ಪ್ಲೇಟಿನ ಮ್ಯಾಲೆ ಫ್ಲೈವೀಲ್ ಕಡೆ ಯಾವುದು ಅಂತ ಬರದಿರ್ತದ. ಉಲ್ಟಾ ಹಾಕಿದ್ರ ಹಬ್ ಹೋಗಿ ಫ್ಲೈವೀಲ್ ಬೋಲ್ಟಿಗೆ ಬಡೀತದ, ಮತ್ತ ಇಳಿಸಬೇಕು. ಹಳೇ ಇನ್‌ಪುಟ್ ಶಾಫ್ಟ್ ಇಲ್ಲಾ ಡಮ್ಮಿ ಶಾಫ್ಟ್ ಹಾಕಿ ಪ್ಲೇಟ್ ನಡುವ ಕೂಡಿಸಿ, ಪ್ರೆಷರ್ ಪ್ಲೇಟ್ ಬೋಲ್ಟ್ ಎದುರು ಬದುರು ಒಂದೊಂದ ಸುತ್ತು ಬಿಗೀಬೇಕು.

ಇನ್ನ ಎಲ್ಲಾಕ್ಕಿಂತ ದೊಡ್ಡ ತಪ್ಪು. ಗೇರ್‌ಬಾಕ್ಸ್ ಏರಿಸುವಾಗ ಶಾಫ್ಟ್ ಪ್ಲೇಟಿನೊಳಗ ಅರ್ಧ ಹೋಗಿರ್ತದ, ಬೋಲ್ಟ್ ತೂತು ಕೂಡವಲ್ದು ಅಂತ ಜಾಕಿ ಇಳಿಸಿ ಅಲುಗಾಡಸ್ತಾರ. ಆಗ ಗೇರ್‌ಬಾಕ್ಸಿನ ಪೂರಾ ತೂಕ ಪ್ಲೇಟಿನ ಹಬ್ ಮ್ಯಾಲೆ ಜೋತು ಬೀಳ್ತದ. ಹಬ್ ಸ್ವಲ್ಪ ಬಾಗಿದ್ರ ಸಾಕು, ಹೊಸ ಕಿಟ್ ಹಾಕಿದ್ರೂ ಗೇರ್ ಕರಕರ. ಆಮ್ಯಾಲೆ ಕಿಟ್ಟೇ ಡೂಪ್ಲಿಕೇಟ್ ಅಂತ ಅಂಗಡ್ಯಾವನ ಜೋಡಿ ಜಗಳ! ಇದಕ್ಕ ಉಪಾಯ ಸರಳ: ತಲಿ ಕತ್ತರಿಸಿದ ಎರಡು ಉದ್ದನ ಬೋಲ್ಟ್ ಹೌಸಿಂಗಿನ ಎಡ ಬಲ ತೂತಿಗೆ ಹಾಕಿ, ಅವುಗಳ ಮ್ಯಾಲೆ ಗೇರ್‌ಬಾಕ್ಸ್ ಜಾರಿಸಿ ಒಳಗ ತಳ್ಳೂದು. ಹಲ್ಲು ಕೂಡ್ಲಿಲ್ಲಾಂದ್ರ ಗೇರ್ ಹಾಕಿ ಹಿಂದಿನ ಫ್ಲ್ಯಾಂಜ್ ಕೈಲೆ ತಿರುವ್ರಿ, ಕೂಡ್ತದ. ಬೋಲ್ಟ್ ಬಿಗದು ಎಳಕೊಳ್ಳಾಕ ಹೋಗಬ್ಯಾಡ್ರಿ, ಹೌಸಿಂಗ್ ಕಿವಿ ಒಡೀತದ.

ಹುಬ್ಬಳ್ಳಿ ಲೋಡ್
ಆತ್ರಿ, ಕೂಡಿಸ್ಯಾರ. ಫ್ಲೈವೀಲ್ ಶಿರವಳದಾಗ ಲೇಥ್ ಮಾಡ್ಸಿದ್ರು. ಪೈಲಟ್ ಬೇರಿಂಗೂ ಒಣಗಿ ಗರಗರ ಅಂತಿತ್ತಂತ. ರಾಡ್ 22, ರಿವರ್ಸ್ ಸದ್ದಿಲ್ಲದ ಬಿತ್ತು. ಇ-ವೇ ಬಿಲ್ ಅವಧಿ ಮುಂದ ಹಾಕಿಸ್ದೆ. ಈಗ ಸೀದಾ ಘಾಟಿ ಏರಿಸಬಹುದೇನ್ರಿ?

ಸ್ಪ್ಯಾನರ್ ಸೆಟ್
ಢಾಬಾ ಮುಂದೆ ಸಮತಟ್ಟಲ್ಲಿ ಒಂದು ಪರೀಕ್ಷೆ: ಪಾರ್ಕಿಂಗ್ ಬ್ರೇಕ್ ಹಾಕಿ, 3ನೇ ಗೇರ್, ಸ್ವಲ್ಪ ಆಕ್ಸಿಲೇಟರ್, ಪೆಡಲ್ ಮೆಲ್ಲಗೆ ಬಿಡಿ. ಎಂಜಿನ್ ಕೂಡಲೇ ಬಂದ್ ಬೀಳಬೇಕು. ಒಂದೇ ಸಲ ಸಾಕು, ಪದೇ ಪದೇ ಮಾಡಿ ಹೊಸ ಲೈನಿಂಗ್ ಸುಡಬೇಡಿ. ಘಾಟಿನ ಬುಡದಲ್ಲೇ ಚಿಕ್ಕ ಗೇರ್ ಹಾಕಿ ಹತ್ತಲಿ, ಅರ್ಧ ಕ್ಲಚ್ಚಲ್ಲಿ ಗಾಡಿ ಹಿಡಿದು ನಿಲ್ಲಿಸೋದು ಬೇಡ. ನಿಂತರೆ ಬ್ರೇಕ್, ನ್ಯೂಟ್ರಲ್. ಲೈನಿಂಗ್ ಹೊಂದಿಕೊಳ್ಳೋಕೆ ಮೊದಲ 500 ಕಿ.ಮೀ. ಹೀಗೇ ಓಡಿಸಲಿ.

ಮೇಲೆ ಹೋದ್ಮೇಲೆ ಜಾರಿದ ಹಾಗೆ ಅನಿಸಿದ್ರೆ ನಿಲ್ಲಿಸಿ, ಪೆಡಲಿಂದ ಕಾಲು ತೆಗೆದು ಬೂಸ್ಟರ್ ನಿಪ್ಪಲ್ ಕಾಲು ಸುತ್ತು ಬಿಚ್ಚಿ ನೋಡಲಿ. ಆಯಿಲ್ ಒತ್ತಡದಲ್ಲಿ ಚಿಮ್ಮಿ, ಆಮೇಲೆ ಜಾರೋದು ನಿಂತ್ರೆ ಪ್ಲೇಟಿನ ತಪ್ಪಲ್ಲ. ಪೆಡಲ್ ಪೂರ್ತಿ ವಾಪಸ್ ಬರ್ತಿಲ್ಲ, ಅಥವಾ ಮಾಸ್ಟರ್ ಸಿಲಿಂಡರಿನ ಸಣ್ಣ ತೂತು ಕಟ್ಟಿದೆ.

ಬೆಳಗಾವಿ ಫಿಟ್ಟರ್
ನಾಳೆ ಮುಂಜಾನೆ ಎಂಜಿನ್ ಚಾಲೂ ಮಾಡೂ ಮೊದ್ಲ ಆಯಿಲ್ ಡಬ್ಬಿ ಮಟ್ಟ, ಯೂನಿಯನ್ ನಟ್ ಎರಡೂ ನೋಡಾಕ ಹೇಳ್ರಿ. ಡಬ್ಬಿ ಮ್ಯಾಲೆ ಇವತ್ತ ಒಂದು ಪೆನ್ ಗೆರಿ ಎಳೀಲಿ. ಮತ್ತ ಚಕ್ರಕ್ಕ ಕೊಟ್ಟ ಕಲ್ಲು, ಹಿಂದ ಎಚ್ಚರಿಕಿಗೆ ಇಟ್ಟ ಗಿಡದ ಟೊಂಗಿ ಎಲ್ಲಾ ರಸ್ತಿ ಬದಿಗೆ ಎತ್ತಿ ಹಾಕಿ ಹೊರಡ್ಲಿ. ರಾತ್ರಿ ಬೈಕಿನ ಮ್ಯಾಲೆ ಬರಾವ್ರಿಗೆ ಅವು ಕಾಣೂದಿಲ್ಲ.